ಕೋಬೀಜ್, ಫ್ಲಾವರ್, ನವಲಕೋಲ: ಎಲ್ಲಾ ಒಂದ ಮನಿತನ

ಈ ಸಲ ಸ್ವಲ್ಪ ಇತಿಹಾಸ ಬರೀತೀನಿ. ಪೂರ್ತಿ ಓದ್ರಿ, ಕಡೀಗೆ ಎಣ್ಣಿ ಖರ್ಚಿನ ಮಾತೂ ಅದ.

ಕ್ಯಾಂಪಿನ ಕಾಯಿಪಲ್ಯೆ ಅಂಗಡಿಯಲ್ಲಿ ಕೋಬೀಜ್, ಫ್ಲಾವರ್, ನವಲಕೋಲ, ಬ್ರೊಕೋಲಿ ಬಾಜೂಬಾಜೂ ಇಟ್ಟಿರ್ತಾರ. ನೋಡಾಕ ನಾಲ್ಕೂ ಬೇರೆ. ಆದರೆ ಸಸ್ಯಶಾಸ್ತ್ರದ ಪ್ರಕಾರ ನಾಲ್ಕೂ ಒಂದೇ ಜಾತಿ, ಹೆಸರು ಬ್ರಾಸಿಕಾ ಒಲರೇಸಿಯಾ. ಇವುಗಳ ಮೂಲ ಯುರೋಪಿನ ಕಡೆಯ ಒಂದು ಕಾಡುಗಿಡ. ಅದಕ್ಕ ಗಡ್ಡಿನೂ ಇಲ್ಲ, ಹೂವಿನ ಮುದ್ದಿನೂ ಇಲ್ಲ, ಬರೇ ಎಲಿ. ಎಲಿ ಒತ್ತಾಗಿ ಮುಚ್ಚಿಕೊಂಡ ಗಿಡದ ಬೀಜವನ್ನೇ ತಲೆಮಾರುಗಟ್ಟಲೆ ಹಿಡಿದವರ ಹೊಲದಲ್ಲಿ ಕೋಬೀಜ್ ಆಯ್ತು. ದಂಟು ದಪ್ಪಾದದ್ದನ್ನು ಆರಿಸಿದಲ್ಲಿ ನವಲಕೋಲ, ಹೂವಿನ ಗೊಂಚಲು ದಪ್ಪಾದದ್ದನ್ನು ಆರಿಸಿದಲ್ಲಿ ಫ್ಲಾವರ್.

ನಂಬಿಕೆ ಬರದಿದ್ದರೆ ಒಂದೆರಡು ಗಿಡ ಬೀಜಕ್ಕ ಬಿಡ್ರಿ. ಎಲ್ಲಕ್ಕೂ ಅದೇ ನಾಲ್ಕು ಎಸಳಿನ ಹೂವು, ಅದೇ ಸಣ್ಣ ಉದ್ದನ ಕಾಯಿ. ಸಾಸವಿ, ಮೂಲಂಗಿ ಹೂವಿಗೂ ನಾಲ್ಕೇ ಎಸಳು. ಅವು ಬೇರೆ ಜಾತಿ, ಆದರೆ ಕಾಕಾ-ದೊಡ್ಡಪ್ಪನ ಮಕ್ಕಳಿದ್ದಂಗ.

1859ರಲ್ಲಿ ಡಾರ್ವಿನ್ ತನ್ನ ದೊಡ್ಡ ಪುಸ್ತಕ ಶುರು ಮಾಡಿದ್ದೇ ಒಕ್ಕಲಿಗರು, ಪಾರಿವಾಳ ಸಾಕುವವರು ತಳಿ ಆರಿಸುವ ಮಾತಿನಿಂದ. ಮನುಷ್ಯ ಆರಿಸಿದರೆ ಇಷ್ಟು ಬದಲಾಗ್ತದ ಅಂದಮ್ಯಾಲೆ, ಕೋಟಿಗಟ್ಟಲೆ ವರ್ಷ ಮಳಿ, ಬಿಸಿಲು, ರೋಗ ಆರಿಸಿದರೆ ಎಷ್ಟು ಬದಲಾಗಬಾರದು ಅಂತ ಅವನ ವಾದ.

ನಮ್ಮ ದೇಶದಲ್ಲೂ ಇದು ಆಗೇತಿ. 1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ಕೈಗೆ ಹೋತು, ಮುಂದ ಕ್ಯಾಂಪ್ ಆತು. ಅದೇ ಕಾಲದಲ್ಲಿ, 1822ರ ಹೊತ್ತಿಗೆ, ಉತ್ತರದ ಸಹಾರನಪುರದ ಕಂಪನಿ ತೋಟಕ್ಕೆ ಇಂಗ್ಲೆಂಡಿನಿಂದ ಫ್ಲಾವರ್ ಬೀಜ ಬಂತು. ಅದು ಚಳಿ ಇದ್ದರಷ್ಟೇ ಗಡ್ಡಿ ಕಟ್ಟುವ ಜಾತಿ. ನಮ್ಮ ಸೆಕಿಯಲ್ಲೂ ಗಡ್ಡಿ ಕಟ್ಟಿದ ಗಿಡಗಳ ಬೀಜವನ್ನೇ ರೈತರು ವರ್ಷಾ ವರ್ಷಾ ಹಿಡಿದರು. ನೂರು-ನೂರೈವತ್ತು ವರ್ಷದೊಳಗ 20ರಿಂದ 27 ಡಿಗ್ರಿಯಲ್ಲೂ ಗಡ್ಡಿ ಕಟ್ಟುವ ಭಾರತೀಯ ಫ್ಲಾವರ್ ತಯಾರಾತು.

ಈಗ ಹುಳದ ಮಾತಿಗೆ ಬರ್ತೀನಿ. ಕೋಬೀಜ್ ಎಲಿ ತೂತು ಮಾಡುವ ಸಣ್ಣ ಹಸಿರು ಹುಳ, ಅಂದರೆ ವಜ್ರಬೆನ್ನಿನ ಪತಂಗದ ಮರಿ, ಎಲ್ಲರಿಗೂ ಗೊತ್ತು. "ಹುಳಕ್ಕ ಎಣ್ಣಿ ರೂಢಿ ಆಗೇತಿ" ಅಂತೀವಿ. ಹಂಗಲ್ರಿ. ಎಣ್ಣಿ ಹೊಡೆದಾಗ ಸಾವಿರದಲ್ಲಿ ಒಂದೆರಡು ಹುಟ್ಟಿನಿಂದಲೇ ತಾಳಿಕೊಳ್ಳುವಂಥವು ಇರ್ತಾವ. ಉಳಿದವು ಸಾಯ್ತಾವ, ಅವಷ್ಟೇ ತತ್ತಿ ಇಡ್ತಾವ. ಬಿಸಿಲಿನ ದಿನದಲ್ಲಿ ಎರಡು-ಮೂರು ವಾರಕ್ಕೊಂದು ಪೀಳಿಗೆ. ಫ್ಲಾವರಿಗೆ ನೂರು ವರ್ಷ ಹಿಡಿದದ್ದು ಹುಳಕ್ಕ ಕೆಲವೇ ಹಂಗಾಮು. ಈ ಹುಳ ಡಿಡಿಟಿಗೆ ಸಾಯ್ತಿಲ್ಲ ಅಂತ ಜಾವಾ ದ್ವೀಪದಿಂದ 1953ರಲ್ಲೇ ವರದಿ ಆಗಿತ್ತು. ಅಂದರೆ ಒಂದೇ ಎಣ್ಣಿ ಮತ್ತ ಮತ್ತ ಹೊಡೆಯುವ ನಾವೇ ಗಟ್ಟಿ ಹುಳದ ತಳಿ ಆರಿಸಿ ಬೆಳೆಸ್ತೀವಿ.

ಉಪಾಯ ಆ ಬಳಗದಲ್ಲೇ ಅದ. ಸಾಸವಿ ಕೋಬೀಜಿನ ಸಂಬಂಧಿಕ, ಎರಡರಲ್ಲೂ ಅದೇ ಖಾರದ ವಾಸನಿ. ಪತಂಗ ಆ ವಾಸನಿ ಹಿಡಿದೇ ತತ್ತಿ ಇಡಾಕ ಬರ್ತದ, ಸಾಸವಿ ಮ್ಯಾಲೆ ಹೆಚ್ಚು ಇಡ್ತದ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ ಲೆಕ್ಕ: ಪ್ರತಿ 25 ಸಾಲು ಕೋಬೀಜಿಗೆ 2 ಸಾಲು ಸಾಸವಿ. ಒಂದು ಸಾಲು ಕೋಬೀಜ್ ಅಗಿ ಹಚ್ಚುವ 15 ದಿನ ಮೊದಲು, ಇನ್ನೊಂದು ಹಚ್ಚಿದ 25 ದಿನಕ್ಕ. ಎಣ್ಣಿ ಹೊಡೆಯಲೇಬೇಕಾದರೆ ಡಬ್ಬಿ ಮ್ಯಾಲಿನ ಕಂಪನಿ ಹೆಸರು ಬಿಟ್ಟು ಒಳಗಿನ ಔಷಧದ ಹೆಸರು ಓದ್ರಿ, ಪ್ರತಿ ಸಲ ಬೇರೆ ಗುಂಪಿನದು ಹೊಡೀರಿ.

ಸಾಸವಿ ಸಾಲು ಹಾಕಿದವರು ನಿಮ್ಮ ಹೊಲದಾಗ ಏನಾತು ಅಂತ ಕೆಳಗ ಬರೀರಿ.