ಹಳೆಯ ಫೋರ್ ವೀಲ್ ಡ್ರೈವ್ ಜೀಪಿನ ಸ್ಟೀರಿಂಗ್ ಬಾಕ್ಸ್: ಪರೀಕ್ಷೆ, ದುರಸ್ತಿ ಮತ್ತು ಬದಲಾವಣೆ

ಹುಲಸೂರ, ಬಸವಕಲ್ಯಾಣ ಹಾಗೂ ಹುಮನಾಬಾದ ಭಾಗದ ಎರೆಹೊಲಗಳಲ್ಲಿ ಮಳೆಗಾಲದ ಸಾಗಾಟಕ್ಕೆ ಫೋರ್ ವೀಲ್ ಡ್ರೈವ್ ವಾಹನ ಬಹಳ ಉಪಯುಕ್ತ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಸಂಸ್ಥೆಯು ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿತು. ಅದೇ ಮನೆತನದ ಸಿಜೆ-3ಬಿ ಮಾದರಿ ನಮ್ಮ ದೇಶದಲ್ಲಿ ಹಲವು ದಶಕ ತಯಾರಾಯಿತು. ಇಂತಹ ವಾಹನಗಳ ಎಂಜಿನ್ ಗಟ್ಟಿಯಾಗಿದ್ದರೂ ಸ್ಟೀರಿಂಗ್ ವ್ಯವಸ್ಥೆ ಸವೆದಿರುವ ಸಾಧ್ಯತೆ ಹೆಚ್ಚು. ಹೊಲದಲ್ಲಿ ನಿಧಾನವಾಗಿ ಚಲಿಸುವಾಗ ಈ ದೋಷ ಅರಿವಿಗೆ ಬರುವುದಿಲ್ಲ. ಅದೇ ಜೀಪು ಫಸಲು ಹೇರಿಕೊಂಡು ಹುಮನಾಬಾದ ಬಳಿಯ ರಾಷ್ಟ್ರೀಯ ಹೆದ್ದಾರಿ 65ನ್ನು ಸೇರಿದಾಗ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು.

ಸ್ಟೀರಿಂಗ್ ಸಡಿಲವಾದೊಡನೆ ಬಾಕ್ಸ್ ಬದಲಿಸಲು ಹಣ ವ್ಯಯಿಸಬೇಡಿ. ದೋಷ ಬಾಕ್ಸಿನಲ್ಲಿಯೇ ಇದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಕಾರ್ಯವಿಧಾನ

ಸಿಜೆ-3ಬಿ ಮಾದರಿಯಲ್ಲಿ ರಾಸ್ ವಿನ್ಯಾಸದ ಕ್ಯಾಮ್ ಮತ್ತು ಲಿವರ್ ಬಾಕ್ಸ್ ಇರುತ್ತದೆ. ಸ್ಟೀರಿಂಗ್ ದಂಡದ ತುದಿಯಲ್ಲಿ ಸುರುಳಿಯಾಕಾರದ ತೋಡು ಇದ್ದು, ಲಿವರ್ ಶಾಫ್ಟಿನ ಗೂಟಗಳು ಆ ತೋಡಿನಲ್ಲಿ ಜಾರುತ್ತವೆ. ಶಾಫ್ಟಿನ ಹೊರತುದಿಯಲ್ಲಿರುವ ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್ ಮೂಲಕ ಬೆಲ್ ಕ್ರ್ಯಾಂಕನ್ನು ತಿರುಗಿಸುತ್ತದೆ. ಅಲ್ಲಿಂದ ಎರಡು ಟೈ ರಾಡ್‌ಗಳು ಮುಂದಿನ ಗಾಲಿಗಳನ್ನು ತಿರುಗಿಸುತ್ತವೆ. ಈ ಸರಪಳಿಯ ಪ್ರತಿಯೊಂದು ಕೀಲೂ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಅವೆಲ್ಲವುಗಳ ಒಟ್ಟು ಮೊತ್ತವೇ ನಿಮ್ಮ ಕೈಗೆ ತಿಳಿಯುವ ಸಡಿಲತೆ.

ಸಡಿಲತೆಯ ಅಳತೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 98ರ ಪ್ರಕಾರ ಸ್ಟೀರಿಂಗ್ ಚಕ್ರದ ಸಡಿಲ ಚಲನೆ 30 ಡಿಗ್ರಿ ಮೀರಬಾರದು. ಇದನ್ನು ಮನೆಯಲ್ಲಿಯೇ ಅಳೆಯಬಹುದು. ಚಕ್ರದ ಅಂಚಿನ ಸುತ್ತಳತೆಯನ್ನು ದಾರದಿಂದ ಅಳೆದು 12ರಿಂದ ಭಾಗಿಸಿ. ಸುತ್ತಳತೆ 132 ಸೆಂ.ಮೀ. ಇದ್ದರೆ ಮಿತಿ 11 ಸೆಂ.ಮೀ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನೇರವಾಗಿ ನಿಲ್ಲಿಸಿ. ಮುಂದಿನ ಗಾಲಿ ಅಲುಗದಂತೆ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಅಂಚು ಸರಿದ ಒಟ್ಟು ದೂರವನ್ನು ಗುರುತಿಸಿ. ಈ ಮಿತಿಯು ಕಾನೂನಿನ ಕೊನೆಯ ಗೆರೆ. ಸುಸ್ಥಿತಿಯ ವಾಹನದಲ್ಲಿ ಸಡಿಲತೆ ಇದಕ್ಕಿಂತ ಬಹಳ ಕಡಿಮೆ ಇರಬೇಕು.

ದೋಷ ಪತ್ತೆಯ ಕ್ರಮ

ಎಂಜಿನ್ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಒಬ್ಬರು ಚಕ್ರವನ್ನು ಅಲ್ಪ ಪ್ರಮಾಣದಲ್ಲಿ ಅತ್ತಿತ್ತ ತಿರುಗಿಸಲಿ. ಇನ್ನೊಬ್ಬರು ಪ್ರತಿ ಕೀಲನ್ನೂ ಗಮನಿಸಲಿ.

1. ಬಾಕ್ಸ್ ಚಾಸಿ ಮೇಲೆಯೇ ಅಲುಗಿದರೆ ಬೋಲ್ಟ್ ಸಡಿಲವಾಗಿದೆ ಅಥವಾ ಚಾಸಿ ಬಿರುಕು ಬಿಟ್ಟಿದೆ.
2. ಸ್ಟೀರಿಂಗ್ ದಂಡ ತಿರುಗಿಯೂ ಪಿಟ್‌ಮನ್ ಆರ್ಮ್ ಚಲಿಸದಿದ್ದರೆ ದೋಷ ಬಾಕ್ಸಿನಲ್ಲಿದೆ.
3. ಆರ್ಮ್ ಚಲಿಸಿ ಡ್ರ್ಯಾಗ್ ಲಿಂಕ್ ತಡವಾಗಿ ಚಲಿಸಿದರೆ ಅದರ ಗುಂಡು ಕೀಲು ಸವೆದಿದೆ.
4. ಬೆಲ್ ಕ್ರ್ಯಾಂಕ್ ಮೇಲೆ ಕೆಳಗೆ ಓಲಾಡಿದರೆ ಅದರ ಪಿನ್ ಮತ್ತು ಬೇರಿಂಗ್ ಬದಲಿಸಬೇಕು. ಎರೆಮಣ್ಣಿನ ಕೆಸರು ಹೆಚ್ಚಾಗಿ ಸೇರುವ ಜಾಗವಿದು.
5. ಮುಂಭಾಗವನ್ನು ಜ್ಯಾಕ್ ಹಾಗೂ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಬ್ರೇಕ್ ಒತ್ತಿದಾಗ ಸಡಿಲತೆ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ ಬೇರಿಂಗ್ ಪರೀಕ್ಷಿಸಿ.

ಸ್ಟೀರಿಂಗ್ ಬಿಗಿಯಾಗಿರುವುದೂ ಬಾಕ್ಸಿನ ದೋಷವೇ ಆಗಬೇಕೆಂದಿಲ್ಲ. ಡಾಂಬರು ರಸ್ತೆಯಲ್ಲಿ ಮುಂದಿನ ಆಕ್ಸಲ್ ಜೋಡಿಸಿಯೇ ಓಡಿಸಿದರೆ ತಿರುವಿನಲ್ಲಿ ಚಕ್ರ ಭಾರವಾಗುತ್ತದೆ, ಕೀಲುಗಳೂ ಬೇಗ ಸವೆಯುತ್ತವೆ. ಕೆಸರು ದಾಟಿದೊಡನೆ ಅದನ್ನು ಬಿಡಿಸಿ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಮೊದಲ ಆಯ್ಕೆ: ಹೊಂದಾಣಿಕೆ

ಡ್ರ್ಯಾಗ್ ಲಿಂಕ್ ಕಳಚಿ, ಡ್ಯಾಶ್‌ಬೋರ್ಡಿನ ಬಳಿ ಸ್ಟೀರಿಂಗ್ ಕೊಳವೆಯ ಹಿಡಿಕೆಯನ್ನು ಸಡಿಲಿಸಿ. ಮೊದಲು ದಂಡದ ಮೇಲೆ ಕೆಳಗಿನ ಅಲುಗಾಟವನ್ನು ಮುಚ್ಚಳದ ಅಡಿಯ ತೆಳು ಶಿಮ್‌ಗಳಿಂದ ಸರಿಪಡಿಸಿ. ಬಳಿಕ ಚಕ್ರವನ್ನು ನಡುಮಧ್ಯಕ್ಕೆ ತಂದು ಪಕ್ಕದ ಮುಚ್ಚಳದ ಸ್ಕ್ರೂ ಬಿಗಿಗೊಳಿಸಿ. ನಡುವಿನಲ್ಲಿ ತುಸು ಎಳೆತ ತಿಳಿದರೆ ಸಾಕು. ತಕ್ಷಣ ಲಾಕ್ ನಟ್ ಬಿಗಿಯಿರಿ. ಹೆಚ್ಚು ಸವೆಯುವ ನೇರ ಸ್ಥಿತಿಯಲ್ಲಿ ಹೊಂದಾಣಿಕೆ ಸಾಧ್ಯವಾಗಲೆಂದು ತೋಡನ್ನು ನಡುವಿನಲ್ಲಿ ಆಳ ಕಡಿಮೆ ಇಟ್ಟು ಕೊರೆದಿರುತ್ತಾರೆ. ಆದ್ದರಿಂದ ಚಕ್ರ ಪೂರ್ತಿ ತಿರುಗಿದ ಸ್ಥಿತಿಯಲ್ಲಿ ಸ್ಕ್ರೂ ಬಿಗಿಯಬಾರದು. ಬಿಗಿದರೆ ನಡುವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಎರಡನೆಯ ಆಯ್ಕೆ: ಅದೇ ಮಾದರಿಯ ಬಾಕ್ಸ್

ಗೂಟಗಳು ಚಪ್ಪಟೆಯಾಗಿದ್ದರೆ, ತೋಡು ಕಿತ್ತಿದ್ದರೆ ಅಥವಾ ಕವಚ ಬಿರಿದಿದ್ದರೆ ಹೊಂದಾಣಿಕೆ ಫಲಿಸದು. ಆಗ ಒಳಭಾಗಗಳನ್ನು ಅಥವಾ ಇಡೀ ಬಾಕ್ಸನ್ನು ಅದೇ ಮಾದರಿಯಿಂದ ಬದಲಿಸುವುದು ಸುರಕ್ಷಿತ ಮಾರ್ಗ.

- ಕಳಚುವ ಮೊದಲು ಪಿಟ್‌ಮನ್ ಆರ್ಮ್ ಮತ್ತು ಶಾಫ್ಟಿನ ಮೇಲೆ ಗುರುತು ಹಾಕಿ.
- ಆರ್ಮ್ ತೆಗೆಯಲು ಪುಲ್ಲರ್ ಬಳಸಿ. ಸುತ್ತಿಗೆಯಿಂದ ಹೊಡೆದರೆ ಗೂಟ ಹಾಗೂ ತೋಡಿಗೆ ಪೆಟ್ಟಾಗುತ್ತದೆ.
- ಹೊಸ ಬಾಕ್ಸನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿ. ಗಾಲಿಗಳು ನೇರ ಇರುವಾಗಲೇ ಆರ್ಮ್ ಜೋಡಿಸಿ.
- ತೈಲವನ್ನು ತಯಾರಕರ ಕೈಪಿಡಿಯಂತೆ ತುಂಬಿ. ಹಳೆಯ ಕಾಟರ್ ಪಿನ್‌ಗಳನ್ನು ಮರುಬಳಸಬೇಡಿ.

ಮೂರನೆಯ ಆಯ್ಕೆ: ಬೇರೆ ಮಾದರಿಗೆ ಪರಿವರ್ತನೆ

ರಿಸರ್ಕ್ಯುಲೇಟಿಂಗ್ ಬಾಲ್ ಬಾಕ್ಸಿನಲ್ಲಿ ಉಕ್ಕಿನ ಗುಂಡುಗಳು ಉರುಳುವುದರಿಂದ ಘರ್ಷಣೆ ಕಡಿಮೆ. ಅಮೆರಿಕದಲ್ಲಿ ಹಳೆಯ ಜೀಪುಗಳಿಗೆ ಸ್ಯಾಗಿನಾ ಬಾಕ್ಸ್ ಕೂರಿಸುವುದು ಪ್ರಚಲಿತ. ಇದರಲ್ಲಿ ಬಾಕ್ಸಿಗಿಂತ ಅದನ್ನು ಕೂರಿಸುವ ವಿಧಾನವೇ ಮುಖ್ಯ. ಚಾಸಿಗೆ ದಪ್ಪ ತಗಡಿನ ಬಲವರ್ಧನೆ ನೀಡಿ, ಬೋಲ್ಟ್ ಹಾದುಹೋಗುವಲ್ಲಿ ಒಳಗೊಳವೆ ಇಡಬೇಕು. ಇಲ್ಲವಾದರೆ ಚಾಸಿ ತಗ್ಗುತ್ತದೆ. ಚಕ್ರ ಎಡಕ್ಕೆ ತಿರುಗಿದಾಗ ಗಾಲಿಗಳೂ ಎಡಕ್ಕೇ ತಿರುಗುತ್ತವೆಯೇ ಎಂದು ಮೊದಲು ನೋಡಿ. ಬಾಕ್ಸ್ ತನ್ನ ಕೊನೆ ಮುಟ್ಟುವ ಮೊದಲೇ ಆಕ್ಸಲ್‌ನ ತಡೆಬೋಲ್ಟ್ ಗಾಲಿಯನ್ನು ತಡೆಯಬೇಕು. ಪವರ್ ಸ್ಟೀರಿಂಗ್ ಅಳವಡಿಸಿದರೆ ಹಳೆಯ ಕೀಲು ಮತ್ತು ಚಾಸಿ ಮೇಲಿನ ಒತ್ತಡ ಇನ್ನೂ ಹೆಚ್ಚುತ್ತದೆ; ಅವುಗಳನ್ನು ನವೀಕರಿಸದೆ ಅದಕ್ಕೆ ಕೈಹಾಕಬಾರದು.

ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮುನ್ನವೇ ನೋಂದಣಿ ಪ್ರಾಧಿಕಾರವನ್ನು ವಿಚಾರಿಸಿ. ಕೆಎ-56 ಸಂಖ್ಯೆಯ ವಾಹನಗಳಿಗೆ ಇದು ಬಸವಕಲ್ಯಾಣದ ಸಾರಿಗೆ ಕಚೇರಿ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸುವಾಗಲೂ ಸ್ಟೀರಿಂಗ್ ಸುಸ್ಥಿತಿಯಲ್ಲಿರುವುದು ಅಗತ್ಯ.

ಎಚ್ಚರಿಕೆಗಳು

- ಪಿಟ್‌ಮನ್ ಆರ್ಮ್, ಟೈ ರಾಡ್ ಅಥವಾ ಡ್ರ್ಯಾಗ್ ಲಿಂಕ್ ಮುರಿದರೆ ಬೆಸುಗೆ ಹಾಕಿಸಬೇಡಿ, ಹೊಸದನ್ನೇ ಹಾಕಿ. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವುದೂ ಸಲ್ಲದು.
- ಕೆಲಸದ ನಂತರ ಟೋ-ಇನ್ ಅಳತೆ ಮಾಡಿಸಿ. ಮೊದಲು ಖಾಲಿ ಹೊಲದಲ್ಲಿ ನಿಧಾನವಾಗಿ ಓಡಿಸಿ, ಎಲ್ಲಾ ಬೋಲ್ಟ್‌ಗಳನ್ನು ಮತ್ತೆ ಪರೀಕ್ಷಿಸಿದ ನಂತರವೇ ರಸ್ತೆಗೆ ಇಳಿಸಿ.
- ಟ್ರೈಲರಿನ ಭಾರ ಹಿಂದೆ ಕುಳಿತಾಗ ಮುಂದಿನ ಗಾಲಿಗಳ ಹಿಡಿತ ಕಡಿಮೆಯಾಗುತ್ತದೆ. ಸ್ಟೀರಿಂಗ್ ಹೊಸದಾದರೂ ಅತಿಭಾರ ಹೇರಬೇಡಿ.
- ಕೆಸರಿನಲ್ಲಿ ಓಡಿಸಿದ ನಂತರ ಕೀಲುಗಳನ್ನು ತೊಳೆದು ಗ್ರೀಸ್ ತುಂಬಿ. ಹರಿದ ರಬ್ಬರ್ ಮುಚ್ಚಳಗಳನ್ನು ಬದಲಿಸಿ.

ಮುಂಗಾರು ಬಿತ್ತನೆಗೆ ಮುಂಚಿನ ಬೇಸಿಗೆಯ ಬಿಡುವು ಈ ಪರೀಕ್ಷೆಗೆ ಸೂಕ್ತ ಕಾಲ. ವಿಸ್ತರಣಾ ಕಾರ್ಯಕರ್ತರು ಗ್ರಾಮಮಟ್ಟದ ಯಂತ್ರೋಪಕರಣ ತರಬೇತಿಗಳಲ್ಲಿ ದಾರದ ಅಳತೆಯನ್ನೂ ಐದು ಹಂತಗಳ ಪತ್ತೆಕ್ರಮವನ್ನೂ ಮಾಡಿ ತೋರಿಸಬಹುದು. ಇದಕ್ಕೆ ಒಂದು ದಾರ, ಒಂದು ಜ್ಯಾಕ್, ಗಟ್ಟಿ ಸ್ಟ್ಯಾಂಡ್ ಮತ್ತು ಇಬ್ಬರು ಜನ ಇದ್ದರೆ ಸಾಕು.