ಕಂಪ್ಯೂಟರ್ ಪರದೆ ಕ್ಷಣಕಾಲ ಕಪ್ಪಾಗುವುದು

ಕಂಪ್ಯೂಟರ್ ಬಳಕೆಯಲ್ಲಿರುವಾಗ ಪರದೆಯ ಮೇಲಿನ ಚಿತ್ರ ಒಂದೆರಡು ಸೆಕೆಂಡ್ ಮಾಯವಾಗಿ ತಾನಾಗಿಯೇ ಮರಳುವುದು ಸಾಮಾನ್ಯವಾಗಿ ಕಂಡುಬರುವ ದೋಷಗಳಲ್ಲಿ ಒಂದು. ಇದಕ್ಕೆ ಮುಖ್ಯವಾಗಿ ಮೂರು ಮೂಲಗಳಿವೆ: ವಿದ್ಯುತ್ ಪೂರೈಕೆ, ಪರದೆಗೆ ಸಂಕೇತ ಒಯ್ಯುವ ಕೇಬಲ್ ಮತ್ತು ಗ್ರಾಫಿಕ್ಸ್ ಡ್ರೈವರ್. ಮೂರರಲ್ಲೂ ಹೊರಗೆ ಕಾಣುವ ಲಕ್ಷಣ ಒಂದೇ ಆಗಿರುವುದರಿಂದ, ಮೂಲವನ್ನು ಗುರುತಿಸದೆ ಬಿಡಿಭಾಗ ಬದಲಾಯಿಸಿದರೆ ಹಣ ವ್ಯಯವಾಗಿಯೂ ದೋಷ ಉಳಿಯಬಹುದು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಂತಹ, ಸಿಡಿಲು-ಮಳೆ ಹಾಗೂ ಅಡಿಕೆ ತೋಟಗಳು ಹೆಚ್ಚಿರುವ ಪ್ರದೇಶಗಳಲ್ಲಿ ವಿದ್ಯುತ್ ಪೂರೈಕೆಯನ್ನು ಮೊದಲು ಪರಿಶೀಲಿಸುವುದು ಸೂಕ್ತ.

ಮೂಲವನ್ನು ಗುರುತಿಸುವ ಬಗೆ

ಮೊದಲಿಗೆ ಮಾಡುತ್ತಿರುವ ಕೆಲಸವನ್ನು ಉಳಿಸಿಕೊಳ್ಳಬೇಕು. ಬಳಿಕ ಯಾವುದಾದರೂ ಹಾಡನ್ನು ಹಾಕಿಟ್ಟು ಗಮನಿಸಬೇಕು.

- ಮಾನಿಟರ್‌ನ ಸೂಚಕ ದೀಪವೂ ಆರಿ, ಹಾಡು ಮುಂದುವರಿದರೆ, ಮಾನಿಟರ್‌ಗೆ ವಿದ್ಯುತ್ ತಪ್ಪಿದೆ.
- ದೀಪ ಉರಿಯುತ್ತಿದ್ದು, ಸಂಕೇತವಿಲ್ಲ ಎಂಬ ಸೂಚನೆ ಕಂಡರೆ, ಕೇಬಲ್ ಅಥವಾ ಗ್ರಾಫಿಕ್ಸ್ ಭಾಗದಲ್ಲಿ ದೋಷವಿರಬಹುದು.
- ಕಂಪ್ಯೂಟರ್ ಮೊದಲಿನಿಂದ ಆರಂಭವಾದರೆ, ಅದು ಕೇವಲ ಪರದೆಯ ದೋಷವಲ್ಲ.

ವಿದ್ಯುತ್ ಪೂರೈಕೆ

ಭಾರತದಲ್ಲಿ ಮನೆಬಳಕೆಯ ವಿದ್ಯುತ್ತಿನ ಪ್ರಮಾಣಿತ ಮಟ್ಟ 230 ವೋಲ್ಟ್, 50 ಹರ್ಟ್ಸ್. ಪಂಪ್‌ಸೆಟ್‌ನ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಪ್ರಮಾಣದ ಹಲವು ಪಟ್ಟು ವಿದ್ಯುತ್ ಪ್ರವಾಹವನ್ನು ಸೆಳೆಯುತ್ತದೆ. ಅದೇ ಟ್ರಾನ್ಸ್‌ಫಾರ್ಮರ್‌ನಿಂದ ಸಂಪರ್ಕ ಪಡೆದ ಮನೆಗಳಲ್ಲಿ ಆಗ ವೋಲ್ಟೇಜ್ ಕುಸಿಯಬಹುದು. ಪರದೆ ಕಪ್ಪಾಗುವಾಗಲೇ ಮನೆಯ ದೀಪಗಳೂ ಮಂಕಾದರೆ ಕಾರಣ ಇದೇ ಇರಬಹುದು. ಕಂಪ್ಯೂಟರ್ ಯುಪಿಎಸ್‌ಗೆ ಜೋಡಣೆಯಾಗಿದ್ದು, ಮಾನಿಟರ್ ನೇರವಾಗಿ ಗೋಡೆಯ ಪ್ಲಗ್‌ಗೆ ಜೋಡಣೆಯಾಗಿದ್ದರೆ ಪರದೆ ಮಾತ್ರ ಆರುತ್ತದೆ. ಎರಡನ್ನೂ ಯುಪಿಎಸ್‌ಗೆ ಜೋಡಿಸುವುದು ಇದಕ್ಕೆ ಪರಿಹಾರ. ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಆಯ್ಕೆಯಿದ್ದರೆ ಅದನ್ನು ಬಳಸಬೇಕು. ಸಾಮಾನ್ಯ ಆಯ್ಕೆಯಲ್ಲಿ ವಿದ್ಯುತ್ ಬದಲಾಗಲು ಹೆಚ್ಚು ಸಮಯ ಹಿಡಿಯುತ್ತದೆ. ವೋಲ್ಟೇಜ್ ಪದೇ ಪದೇ ಕುಸಿಯುತ್ತಿದ್ದರೆ ಮೆಸ್ಕಾಂಗೆ 1912 ಸಂಖ್ಯೆಯ ಮೂಲಕ ದೂರು ನೀಡಬಹುದು.

ಕೇಬಲ್

ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಅಥವಾ ವಿಜಿಎ ಕೇಬಲ್ ಸಡಿಲವಾದಾಗ ಸಂಕೇತ ಕಡಿದು ಮತ್ತೆ ಕೂಡಿಕೊಳ್ಳುತ್ತದೆ. ಕರಾವಳಿಯ ತೇವಭರಿತ ಗಾಳಿಯಲ್ಲಿ ಲೋಹದ ತುದಿಗಳು ತುಕ್ಕು ಹಿಡಿಯುವುದೂ ಇದೆ. ಕಂಪ್ಯೂಟರ್ ಆರಿಸಿ, ಕೇಬಲನ್ನು ಬಿಚ್ಚಿ ಎರಡೂ ತುದಿಗಳಲ್ಲಿ ಭದ್ರವಾಗಿ ಕೂರಿಸಬೇಕು. ನಂತರ ಬೇರೊಂದು ಕೇಬಲ್ ಹಾಕಿ ನೋಡಬೇಕು. ಲ್ಯಾಪ್‌ಟಾಪ್‌ನ ಮುಚ್ಚಳವನ್ನು ಅಲುಗಿಸಿದಾಗ ಮಾತ್ರ ಪರದೆ ಕಪ್ಪಾದರೆ ಒಳಗಿನ ಕೇಬಲ್ ಸವೆದಿರಬಹುದು.

ಗ್ರಾಫಿಕ್ಸ್ ಡ್ರೈವರ್

ವಿಂಡೋಸ್ ವಿಸ್ತಾ ಕಾಲದಿಂದ ವಿಂಡೋಸ್‌ನಲ್ಲಿ ಒಂದು ರಕ್ಷಣಾ ವ್ಯವಸ್ಥೆಯಿದೆ. ಗ್ರಾಫಿಕ್ಸ್ ಪ್ರೊಸೆಸರ್ ಸುಮಾರು 2 ಸೆಕೆಂಡ್ ಉತ್ತರಿಸದಿದ್ದರೆ ವ್ಯವಸ್ಥೆಯು ಡ್ರೈವರನ್ನು ಮರುಚಾಲನೆಗೊಳಿಸುತ್ತದೆ. ಆಗ ಪರದೆ ಒಮ್ಮೆ ಕಪ್ಪಾಗುತ್ತದೆ. ಈವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯ ದಾಖಲೆ ಕಂಡುಬಂದರೆ ಕಾರಣ ಇದೇ ಎಂದು ತಿಳಿಯಬಹುದು. ಡ್ರೈವರನ್ನು ನವೀಕರಿಸುವುದು, ಇತ್ತೀಚಿನ ನವೀಕರಣದ ನಂತರ ತೊಂದರೆ ಆರಂಭವಾಗಿದ್ದರೆ ಹಿಂದಿನ ಆವೃತ್ತಿಗೆ ಮರಳುವುದು, ಫ್ಯಾನ್‌ನ ಧೂಳು ತೆಗೆದು ಬಿಸಿ ತಗ್ಗಿಸುವುದು ಇದಕ್ಕೆ ಪರಿಹಾರಗಳು.

ದೋಷವಲ್ಲದ ಸಂದರ್ಭಗಳು

ಪರದೆಯ ರೆಸಲ್ಯೂಶನ್ ಬದಲಾಯಿಸಿದಾಗ, ವಿಂಡೋಸ್ ನಿರ್ವಾಹಕರ ಅನುಮತಿ ಕೇಳಿದಾಗ ಅಥವಾ ಕೆಲವು ಲ್ಯಾಪ್‌ಟಾಪ್‌ಗಳ ಚಾರ್ಜರ್ ತೆಗೆದಾಗ ಪರದೆ ಕ್ಷಣಕಾಲ ಕಪ್ಪಾಗುವುದು ಸಹಜ.

ಮುನ್ನೆಚ್ಚರಿಕೆ

ಕರಾವಳಿಯಲ್ಲಿ ಮುಂಗಾರಿಗೆ ಮುನ್ನ ಏಪ್ರಿಲ್–ಮೇ ತಿಂಗಳುಗಳಲ್ಲಿ ಹಾಗೂ ಅಕ್ಟೋಬರ್‌ನಲ್ಲಿ ಗುಡುಗು-ಸಿಡಿಲು ಸಾಮಾನ್ಯ. ಸ್ವಿಚ್ ಆರಿಸಿದರಷ್ಟೇ ಸಾಲದು. ಸಿಡಿಲು ಸಮೀಪಿಸುವ ಮೊದಲೇ ವಿದ್ಯುತ್ ಪ್ಲಗ್ ಮತ್ತು ಮೋಡೆಮ್‌ನ ತಂತಿಯನ್ನು ಕಿತ್ತಿಡಬೇಕು. ಸಿಡಿಲು ಹೊಡೆಯುತ್ತಿರುವಾಗ ಅವನ್ನು ಮುಟ್ಟಬಾರದು. ಮಾನಿಟರ್‌ನ ಒಳಭಾಗದಲ್ಲಿ ವಿದ್ಯುತ್ ಕಡಿದ ನಂತರವೂ ಅಪಾಯಕಾರಿ ಚಾರ್ಜ್ ಉಳಿದಿರಬಹುದಾದ್ದರಿಂದ, ಅದನ್ನು ಬಿಚ್ಚುವ ಕೆಲಸವನ್ನು ತಂತ್ರಜ್ಞರಿಗೆ ಬಿಡಬೇಕು.