ಬಾಣಂತನದ ಆಸರೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ
ಬೆಳಗಾವಿ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಹೆರಿಗೆಯ ಹೊತ್ತಿಗೆ ಬಸುರಿಯ ಪಕ್ಕ ನಿಲ್ಲುತ್ತಿದ್ದವಳು ಸೂಲಗಿತ್ತಿ. ಇಂದು ನಗರಗಳಲ್ಲಿ ಡೌಲಾ (ಹೆರಿಗೆಯ ಜೊತೆಗಾತಿ) ನೀಡುವ ಧೈರ್ಯವನ್ನೂ ಅವಳೇ ತುಂಬುತ್ತಿದ್ದಳು. ಕುಬಸ (ಸೀಮಂತ) ಮುಗಿಸಿ ತವರಿಗೆ ಬಂದ ಮಗಳಿಗೆ ಎಣ್ಣೆ-ನೀರು, ಅಂಟಿನುಂಡಿ, ಅವ್ವನ ಆರೈಕೆ ಈಗಲೂ ಉಂಟು. ಹೆರಿಗೆ ಆಸ್ಪತ್ರೆಗೆ ಸರಿದ ಮೇಲೆ ತಾಯಿ ಕಾರ್ಡ್, 108 ವಾಹನ, 42 ದಿನಗಳವರೆಗಿನ ಮನೆಭೇಟಿ ಎಲ್ಲವೂ ಆಶಾ ಕಾರ್ಯಕರ್ತೆಯರ ಹೆಗಲೇರಿವೆ. ಆ ದುಡಿಮೆಗೆ ಸಿಗುವ ಗೌರವಧನ ತೀರ ಕಡಿಮೆ. ಬಸುರಿ-ಬಾಣಂತಿಯರಿಗೆ ಅಂಗನವಾಡಿಯ ಬಿಸಿಯೂಟಕ್ಕಾಗಿ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾಯಿತು.

ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜು 2002–05ರಲ್ಲಿ ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರಲ್ಲಿ ನಡೆಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಸಹಾಯಕ ಶುಶ್ರೂಷಕಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಹೆರಿಗೆ ನಂತರದ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಆಸ್ಪತ್ರೆಯಲ್ಲೂ ಪಕ್ಕದ ಆಸರೆಗೆ ದಾರಿಯಿದೆ: ಹೆರಿಗೆ ಕೋಣೆಯಲ್ಲಿ ಜೊತೆಗಾತಿ ಇರಲು ಕೇಂದ್ರದ ‘ಲಕ್ಷ್ಯ’ ಮಾರ್ಗಸೂಚಿ ಅವಕಾಶ ಕೊಟ್ಟಿದೆ.